ಹಿತ್ತಲಿನ ಬಿಳಿ ಎಕ್ಕ

ಎಂಬತ್ತೊಂದನೇ ಇಸವಿ, ಶಿವರಾತ್ರಿ ಕಳೆದ ವಾರ. ಜಗಳೂರಿನ ಸರ್ವಮಂಗಳಮ್ಮನ ಮನೆಗೆ ಕರೆಂಟಿನ ಮೀಟರ್ ಓದಲು ಬಂದ ಮುರುಗೇಶ, ಓದಿ ಮುಗಿಸಿದ ಮೇಲೂ ಹೊರಡಲಿಲ್ಲ. ಅದೇನು ಹೊಸದಲ್ಲ. ಚನ್ನಗಿರಿಯಿಂದ ವರ್ಗವಾಗಿ ಬಂದ ಈ ಹುಡುಗನಿಗೆ ಊರೆಲ್ಲ ತಿರುಗಿದರೂ ಬಾಯಾರಿಕೆಯಾಗುತ್ತಿದ್ದುದು ಆ ಮನೆಯಲ್ಲಿ ಮಾತ್ರ. ನೀರು ತರುವವಳೂ ಶಾಂತಾದೇವಿಯೇ ಆಗಬೇಕು. ಅವಳು ಸರ್ವಮಂಗಳಮ್ಮನ ಅಣ್ಣನ ಮಗಳು. ಅಪ್ಪ ಅವ್ವ ಇಲ್ಲದೆ ಅತ್ತೆಯ ಮಡಿಲಲ್ಲೇ ಬೆಳೆದವಳು, ಅರ್ಧ ಬೀದಿಗೆ ರವಿಕೆ ಹೊಲಿದುಕೊಡುತ್ತಿದ್ದಳು.

ಚೊಂಬು ವಾಪಸ್ಸು ಕೊಡುವಾಗ ಅವನ ಕಣ್ಣು ಅವಳ ಬಳೆಯಿಂದ ಹೊರಟು ಮೆಲ್ಲಗೆ ಮುಖದವರೆಗೆ ಏರಿ, ಸಿಕ್ಕಿಬಿದ್ದ ಕಳ್ಳನ ಹಾಗೆ ಮೀಟರ್ ಬೋರ್ಡಿಗೆ ಓಡಿಹೋಗುತ್ತಿತ್ತು. ಅವತ್ತು ಮಾತ್ರ ಹಿತ್ತಲ ಕಡೆ ಹೋಗಿ ನಿಂತಿತು.

"ಆ ಬಿಳಿ ಎಕ್ಕದ ಬೀಜ ಕೊಡ್ತೀರೇನ್ರೀ? ನಮ್ಮ ಕಡೆ ಎಲ್ಲಿ ನೋಡಿದ್ರೂ ನೇರಳೆ ಹೂವಿಂದೇ ಐತೆ. ನಮ್ಮ ಹಿತ್ತಲಿಗೆ ಹಾಕಬೇಕು."

ಶಾಂತಾದೇವಿಗೆ ನಗು ಬಂತು. "ಎಕ್ಕ ಹುಟ್ಟಿದ್ರೆ ಜನ ಕಿತ್ತು ಬಿಸಾಕ್ತಾರೆ. ನೀವು ಹುಡುಕ್ಕೊಂಡು ಬರ್ತೀರಲ್ಲ."

"ಮದುವೆಗೆ ಮುಂಚೆ ಎಕ್ಕ ಹಾಕಲೇಬೇಕಂತೆ. ಅವ್ವನ ಹಠ."

"ಯಾರ ಮದುವೆನಪ್ಪ?" ಒಳಗಿನಿಂದ ಸರ್ವಮಂಗಳಮ್ಮ ಕೇಳಿದಳು.

"ನಂದೇ ಕಣ್ರಮ್ಮ," ಎಂದ ಮುರುಗೇಶನ ಕಿವಿ ಕೆಂಪಾಯಿತು.

ಕಾಯಿ ಇನ್ನೂ ಹಸಿರಾಗಿತ್ತು. ಒಣಗಿ ಬಿರಿದರೆ ಬೀಜಗಳೆಲ್ಲ ರೇಷ್ಮೆಯ ಎಳೆ ಕಟ್ಟಿಕೊಂಡು ಹಾರಿಹೋಗುತ್ತವೆ. ಇದ್ದದ್ದು ಒಂದೇ ಕಾಯಿ. ಅವನು ತನ್ನ ಕರ್ಚೀಫನ್ನು ಅದಕ್ಕೆ ಸುತ್ತಿ ಗಂಟು ಹಾಕಿದ. "ಮುಂದಿನ ತಿಂಗಳು ಬರ್ತೀನಿ, ಜ್ವಾಪಾನ," ಎಂದು ಗಿಡಕ್ಕೆ ಹೇಳಬೇಕಾದ್ದನ್ನು ಅವಳಿಗೆ ಹೇಳಿ ಸೈಕಲ್ ಹತ್ತಿದ.

ಅವನು ಬೀದಿ ದಾಟುವುದರೊಳಗೆ ಸರ್ವಮಂಗಳಮ್ಮನ ತೀರ್ಪು ಹೊರಬಿತ್ತು. "ಮೂರನೇ ಮದುವೆ ಕಣೆ ಇವನಿಗೆ."

ಎರಡು ಮದುವೆ ಆದವನು ಮೂರನೆಯವಳಿಗೆ ತಾಳಿ ಕಟ್ಟುವ ಮೊದಲು ಎಕ್ಕದ ಗಿಡಕ್ಕೆ ಕಟ್ಟಬೇಕು, ಬರುವ ಕೆಡುಕೆಲ್ಲ ಆ ಗಿಡಕ್ಕೇ ಹೋಗಲಿ ಎಂದು. ಎದುರುಮನೆಯ ವಿರೂಪಾಕ್ಷಪ್ಪ ಹಾಗೆ ಮಾಡಿದ್ದನ್ನು ಬೀದಿಯೆಲ್ಲ ನೋಡಿತ್ತು.

"ಅದಕ್ಕೆ ಬೀಜ ಯಾಕತ್ತೆ? ಬೇಲೀಲಿರೋ ಗಿಡಕ್ಕೆ ಕಟ್ಟಿದ್ರೆ ಆಗಲ್ವಾ?"

"ಅನುಕೂಲಸ್ಥರು. ಮನೇಲೇ ಬೆಳೆಸಿ ಕಟ್ತಾರೇನೋ."

ಶಾಂತಾದೇವಿಗೆ ತಲೆಬುಡ ತಿಳಿಯಲಿಲ್ಲ. ಈ ವಯಸ್ಸಿಗೆ ಇಬ್ಬರು ಹೆಂಡಿರನ್ನು ಕಳೆದುಕೊಂಡವನು ಇಷ್ಟು ನಾಚುತ್ತಾನೆಯೇ? ಇನ್ನೊಬ್ಬಳನ್ನು ಕಟ್ಟಿಕೊಳ್ಳುವವನು ತನ್ನನ್ನು ಯಾಕೆ ಹಾಗೆ ನೋಡಬೇಕು? ತಾನೇ ಇಲ್ಲದ್ದನ್ನು ಕಲ್ಪಿಸಿಕೊಂಡೆನೇ? ರವಿಕೆಗೆ ತೋಳು ತಿರುಗುಮುರುಗು ಹೊಲಿದಳು. ಮರುಕ ಬರುತ್ತಿತ್ತು, ಮರುಗಳಿಗೆ ಸಿಟ್ಟು ಬರುತ್ತಿತ್ತು. ಆದರೂ ಬೆಳಗೆದ್ದು ಕರ್ಚೀಫಿನ ಗಂಟು ಸಡಿಲವಾಗಿದೆಯೇ ಎಂದು ನೋಡುವುದು ಬಿಡಲಿಲ್ಲ. ಅವನನ್ನು ಅವಳು ಬಹಳ ಇಷ್ಟಪಟ್ಟಿದ್ದಳು, ಅದೇ ತೊಂದರೆ.

ಮುಂದಿನ ತಿಂಗಳು ಬಾಗಿಲಲ್ಲಿ ಸೈಕಲ್ ಬೆಲ್ ಕೇಳಿದೊಡನೆ ಏನಾಯಿತೋ, ಹಿತ್ತಲಿಗೆ ಓಡಿ ಕರ್ಚೀಫು ಬಿಚ್ಚಿದಳು. ಕಾಯಿ ಬಿರಿದಿತ್ತು. ಕೊಟ್ಟರೆ ಅವನನ್ನೇ ಇನ್ನೊಬ್ಬಳಿಗೆ ಕೊಟ್ಟಂತೆ ಅನ್ನಿಸಿತು. ಕಣ್ಣು ಮುಚ್ಚಿ ಜೋರಾಗಿ ಊದಿಬಿಟ್ಟಳು. ಬೀಜಗಳು ಗೋಡೆ ಹಾರಿ ಹೋದವು.

"ಅಯ್ಯೋ, ಏನ್ ಮಾಡಿದ್ರೀ?" ಮುರುಗೇಶ ಹಿಂದೆಯೇ ನಿಂತಿದ್ದ.

"ಮೂರನೇ ಮದುವೆಗೆ ಬೇರೆ ಗಿಡ ನೋಡ್ಕಳ್ರಿ."

"ಮೂರನೇದಾ? ಒಂದನೇದೇ ಆಗಿಲ್ಲ, ಮೂರನೇದು ಎಲ್ಲಿಂದ ತರಲಿ?"

"ಮತ್ತೆ ಎಕ್ಕ ಯಾಕೆ?"

ಅವನು ತಲೆ ಕೆರೆದುಕೊಂಡ. "ನಮ್ಮ ಮನೇಲಿ ಒಂದು ಪದ್ಧತಿ ಐತೆ. ಸೊಸೆ ಬರಾಕೆ ಮುಂಚೆ ಅವಳ ತವರಿನ ಹಿತ್ತಲ ಗಿಡ ನಮ್ಮ ಹಿತ್ತಲಲ್ಲಿ ಚಿಗುರಿರಬೇಕು. ಬಂದ ದಿನ ಗುರುತಿನ ಮುಖ ಒಂದಾದ್ರೂ ಇರಲಿ ಅಂತ. ನಿಮ್ಮ ಹಿತ್ತಲಲ್ಲಿ ಇರೋದು ಇದೊಂದೇ ಗಿಡ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ನನ್ನ ಕೇಳಲೇ ಇಲ್ವಲ್ಲ ನೀವು."

"ಬೀಜ ಕೇಳಿದ್ನಲ್ಲ."

"ಬೀಜ ಕೇಳಿದ್ರೆ ಹೆಣ್ಣು ಕೇಳಿದಂಗೆ ಅಂತ ಚನ್ನಗಿರೀಲಿ ನಿಮ್ಮ ಮನೇರಿಗೆ ಗೊತ್ತು. ಜಗಳೂರಲ್ಲಿರೋ ನಂಗೆ ಹೆಂಗೆ ಗೊತ್ತಾಗಬೇಕು?" ಹೇಳುತ್ತಲೇ ಖಾಲಿ ಸಿಪ್ಪೆ ನೋಡಿ ಅವಳ ಕಣ್ಣು ತುಂಬಿತು. "ಈಗ ಒಂದು ಬೀಜಾನೂ ಇಲ್ಲ."

ಮುರುಗೇಶ ಹತ್ತಿರ ಬಂದ. ಈ ಸಲ ಅವನ ಕಣ್ಣು ಎಲ್ಲಿಗೂ ಓಡಿಹೋಗಲಿಲ್ಲ. ಅವಳ ಜಡೆಯ ಬುಡದಲ್ಲಿ ಬಿಳಿ ಎಳೆಯೊಂದು ಸಿಕ್ಕಿಕೊಂಡಿತ್ತು, ತುದಿಯಲ್ಲಿ ಕಂದು ಬೀಜ. ಮೆಲ್ಲಗೆ ಬಿಡಿಸಿ ಕರ್ಚೀಫಿನಲ್ಲಿ ಕಟ್ಟಿಕೊಂಡ.

"ಅದು ಬಿಳಿ ಹೂವೇ ಬಿಡ್ತದೆ ಅಂತ ಏನು ಗ್ಯಾರಂಟಿ?" ಎಂದಳು ಮೂಗೊರೆಸಿಕೊಳ್ಳುತ್ತಾ.

"ಬಿಡದಿದ್ರೆ ಬೈಯಾಕೆ ನೀನು ಅಲ್ಲೇ ಇರ್ತೀಯಲ್ಲ."