ಮೊಳೆಯದ ಕಡಲೆ

ಹೆಂಡತಿ ಕಲಾವತಿ ತೀರಿಕೊಂಡ ಮೇಲೆ ಗಿರಿಧರನಿಗೆ ಕರೆಗಂಟೆ ಕೇಳಿಸಿದರೂ ಎದ್ದು ಹೋಗಬೇಕೆನಿಸುತ್ತಿರಲಿಲ್ಲ. ಅಂದು ಮದರಾಸಿನ ಅಣ್ಣಾ ನಗರದ ಮನೆಯ ಬಾಗಿಲು ತೆಗೆದವಳು ಅವನ ಅಕ್ಕ ನಾಗಮಣಿ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಪತ್ತೆ ಮಾಡುವುದೇ ಅವಳ ಕೆಲಸವಾಗಿತ್ತು. ನಿವೃತ್ತಿಯಾದರೂ ಜನ ಅವಳನ್ನು ಹುಡುಕಿಕೊಂಡು ಬರುವುದು ನಿಂತಿರಲಿಲ್ಲ. ತಮ್ಮ ಒಬ್ಬನೇ ಕೂತು ಗೋಡೆ ನೋಡುತ್ತಾನೆಂದು ಈಚೆಗೆ ಅವನನ್ನೂ ಎಲ್ಲ ಕಡೆ ಎಳೆದುಕೊಂಡು ಹೋಗುತ್ತಿದ್ದಳು.

ಬಂದವಳು ವೀಕ್ಷಾ. ಪೋರೂರಿನಾಚೆಯ ಖಾಸಗಿ ಬೀಜ ಸಂಶೋಧನಾ ಕೇಂದ್ರದಲ್ಲಿ ಶೀತಕೋಣೆ ನೋಡಿಕೊಳ್ಳುತ್ತಿದ್ದ ಹುಡುಗಿ.

"ಆಂಟಿ, ನನ್ನನ್ನ ಕೆಲಸದಿಂದ ತೆಗೆದುಬಿಟ್ಟರು. ಸತ್ಯವಾಗಿ ಹೇಳ್ತೀನಿ, ನಾನೇನೂ ಮಾಡಿಲ್ಲ."

ಕೇಂದ್ರದ ನಿರ್ದೇಶಕ ಕೃಷ್ಣಪ್ರಸಾದರು ಬಹಳ ವರ್ಷ ದುಡಿದು ಹೊಸ ಕಡಲೆ ತಳಿಯೊಂದನ್ನು ಮಾಡಿದ್ದರು. ತಿಂದರೆ ಹೊಟ್ಟೆ ಉಬ್ಬರಿಸದ ಕಡಲೆ. ಹೊರಗಿನ ಲ್ಯಾಬ್ ಕೂಡ ಪರೀಕ್ಷಿಸಿ ಹೌದೆಂದಿತ್ತು. ಆ ಬೀಜವನ್ನು ಧರ್ಮಪುರಿ ಕಡೆಯ ಕೆಲವು ರೈತರಿಗೆ ಬಿತ್ತಲು ಕೇಂದ್ರದಿಂದ ಕಳಿಸಿದ್ದರು. ಒಂದೂ ಮೊಳೆಯಲಿಲ್ಲ. ಬಿತ್ತನೆಯ ಕಾಲವೇ ಕೈತಪ್ಪಿತು.

"ಒಂದು ದಿವಸ ಕರೆಂಟ್ ಹೋಗಿತ್ತು. ಜನರೇಟರ್ ಹಾಕೋದು ಲೇಟಾಯ್ತು. ಅದರಿಂದಲೇ ಬೀಜ ಸತ್ತಿದ್ದು ಅಂತ ಡೈರೆಕ್ಟರ್ ಸಾರ್ ಎಲ್ಲರೆದುರು ಹೇಳಿದರು. ಇನ್ನು ನನಗೆ ಯಾರು ಕೆಲಸ ಕೊಡ್ತಾರೆ?"

"ಚಪ್ಪಲಿ ಹಾಕ್ಕೋ ಗಿರಿ," ಎಂದಳು ನಾಗಮಣಿ.

ಕೃಷ್ಣಪ್ರಸಾದರು ಸೌಜನ್ಯದಿಂದಲೇ ಬರಮಾಡಿಕೊಂಡರು. "ಪಾಪದ ಹುಡುಗಿ, ನಾಗಮಣಿಯವರೇ. ಆದರೆ ಬೀಜ ಅನ್ನೋದು ಸೂಕ್ಷ್ಮ. ಬಿಸಿ ತಾಗಿತು, ಹೋಯಿತು." ಉಳಿದ ಬೀಜ ನೋಡಲು ಅಡ್ಡಿ ಮಾಡಲಿಲ್ಲ.

ಶೀತಕೋಣೆಗೆ ಕರೆದುಕೊಂಡು ಹೋದವನು ರಸಾಯನಶಾಸ್ತ್ರಜ್ಞ ಸಂದೇಶ್. ಹೊಸ ತಳಿಯ ಚೀಲ ತಳ ಕಂಡಿತ್ತು. ನಾಗಮಣಿ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿದಳು.

"ಕಡಲೆಗೆ ಮೂತಿ ಇರುತ್ತಲ್ಲ, ಇದರಲ್ಲಿ ಅದು ಒಡೆದ ಹಾಗಿದೆ, ನೋಡು ಗಿರಿ."

ಗಿರಿಧರ ನೋಡಿದ. ಪ್ರತಿ ಕಾಳಿನ ಮೂತಿಯಲ್ಲೂ ಸಣ್ಣ ಬಿರುಕು. ಚೀಲದ ತಳದಲ್ಲಿ ಒಣಗಿದ ನೂಲಿನಂಥ ಕಂದು ಚೂರುಗಳು. ಕಂಡಿತು, ಅಷ್ಟೇ. ಅದರಿಂದ ಏನೂ ಅನಿಸಲಿಲ್ಲ.

"ಹೊಟ್ಟೆ ಉಬ್ಬರಿಸಲ್ಲ ಅಂದರೆ ಅದು ಹೇಗಪ್ಪಾ?" ಎಂದು ಅಕ್ಕ ಕೇಳಿದಳು.

"ಬೇಳೆಕಾಳಲ್ಲಿ ರಾಫಿನೋಸ್ ಅಂತ ಒಂದು ಜಾತಿ ಸಕ್ಕರೆ ಇರುತ್ತೆ ಮೇಡಂ. ಅದನ್ನ ಒಡೆಯೋ ಶಕ್ತಿ ನಮ್ಮ ದೇಹಕ್ಕಿಲ್ಲ. ಹಾಗೇ ದೊಡ್ಡ ಕರುಳಿಗೆ ಹೋಗುತ್ತೆ, ಅಲ್ಲಿನ ಬ್ಯಾಕ್ಟೀರಿಯಾ ತಿಂದು ಗ್ಯಾಸ್ ಮಾಡುತ್ತೆ. ಕೆಟ್ಟದ್ದೇನಲ್ಲ, ಒಳ್ಳೆ ಬ್ಯಾಕ್ಟೀರಿಯಾಗೂ ಅದೇ ಊಟ. ಆದರೆ ಕರುಳಿನ ತೊಂದರೆ ಇರೋರಿಗೆ ಕಷ್ಟ. ಸಾರ್ ತಳಿಯಲ್ಲಿ ಅದು ತುಂಬಾ ಕಮ್ಮಿ."

"ಗಿಡಕ್ಕೆ ಅದರಿಂದ ಏನು ಲಾಭ?"

"ಬೀಜ ಒಣಗುವಾಗ ಒಳಗಿನ ಜೀವ ಕೆಡದ ಹಾಗೆ ಕಾಯುತ್ತೆ. ಆಮೇಲೆ ಮೊಳೆಯೋವಾಗ ಅದೇ ಆಹಾರ."

"ರೈತರಿಗೆ ಕಳಿಸಿದ್ದು ಯಾರು?"

"ನಾನೇ. ಸಾರ್ ದೆಹಲಿಗೆ ಹೋಗಿದ್ದರು. ಲ್ಯಾಬ್ ಒಪ್ಪಿದೆಯಲ್ಲ, ಬಿತ್ತನೆ ತಡ ಆಗಬಾರದು ಅಂತ ಕಳಿಸಿದೆ. ಅವರು ಬಂದ ದಿವಸವೇ ಹೇಗೆ ಬೈದರು ಅಂತೀರಿ!"

ನಾಗಮಣಿ ಹೊಸ ತಳಿಯ ಒಂದಿಷ್ಟು ಕಾಳನ್ನೂ ಪಕ್ಕದ ಚೀಲದ ಹಳೆಯ ತಳಿಯದ್ದನ್ನೂ ಕೇಳಿ ತಂದಳು. ಮನೆಯಲ್ಲಿ ಮೂರು ಒದ್ದೆ ಬಟ್ಟೆ ಹಾಸಿ, ಎರಡರಲ್ಲಿ ಅವನ್ನೂ ಮೂರನೆಯದರಲ್ಲಿ ಅಡುಗೆಮನೆ ಡಬ್ಬಿಯ ಕಡಲೆಯನ್ನೂ ಕಟ್ಟಿಟ್ಟಳು. ನೀರು ಚಿಮುಕಿಸುವ ಕೆಲಸ ಗಿರಿಧರನದು. ಹೇಳಿದ್ದಕ್ಕೆ ಮಾಡಿದ. ಡಬ್ಬಿಯ ಕಡಲೆ ಮೊಳೆಯಿತು, ಪಕ್ಕದ ಚೀಲದ್ದೂ ಮೊಳೆಯಿತು. ಹೊಸ ತಳಿ ಮಾತ್ರ ಲೋಳೆಗಟ್ಟಿ ನಾರಿತು.

ನಾಗಮಣಿ ಎಲ್ಲರನ್ನೂ ನಿರ್ದೇಶಕರ ಕೋಣೆಯಲ್ಲೇ ಸೇರಿಸಿದಳು. ಮೂರೂ ಬಟ್ಟೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟಳು.

"ಇದು ನಮ್ಮನೆ ಡಬ್ಬಿಯದು. ಮದರಾಸಿನ ಬೇಸಿಗೆಯೆಲ್ಲ ಕಳೆದಿದೆ, ಆದರೂ ಮೊಳೆತಿದೆ. ಇದು ವೀಕ್ಷಾಳ ಶೀತಕೋಣೆಯದೇ, ಕರೆಂಟ್ ಹೋದಾಗ ಅಲ್ಲೇ ಇತ್ತು. ಇದೂ ಮೊಳೆತಿದೆ. ಅಂದಮೇಲೆ ಬೀಜ ಸತ್ತಿದ್ದು ಬಿಸಿಯಿಂದಲ್ಲ."

"ಮತ್ತೆ?" ಎಂದ ಸಂದೇಶ್.

"ಇದು ಆಗಲೇ ಒಂದು ಸಲ ಮೊಳೆತ ಕಡಲೆ. ಯಾರೋ ನೆನೆಹಾಕಿ, ಬೇರು ಇಣುಕಿದ ಮೇಲೆ ಒಣಗಿಸಿದ್ದಾರೆ. ಮೂತಿ ಒಡೆದದ್ದು ಅದಕ್ಕೆ. ಜರಡಿ ಹಿಡಿದರೂ ಒಣಬೇರಿನ ಚೂರು ಚೀಲದಲ್ಲಿ ಉಳಿದುಬಿಟ್ಟಿದೆ. ನೀನೇ ಹೇಳಿದೆಯಲ್ಲ, ಮೊಳೆಯುವಾಗ ಬೀಜ ಆ ಸಕ್ಕರೆಯನ್ನ ತಿಂದುಬಿಡುತ್ತೆ ಅಂತ. ಲ್ಯಾಬಿನವರಿಗೆ ಸಕ್ಕರೆ ಕಮ್ಮಿ ಸಿಕ್ಕಿದ್ದು ಹಾಗೆ. ಕಾಯೋ ಸಕ್ಕರೆಯೂ ಇಲ್ಲ, ಬೇರೂ ಹೊರಗೆ ಬಂದಿದೆ. ಆಮೇಲೆ ಒಣಗಿಸಿದರೆ ಬದುಕುತ್ತಾ? ಹೊಸ ತಳಿ ಅನ್ನೋದೇ ಸುಳ್ಳು."

ಸಂದೇಶನ ಮುಖ ಕಪ್ಪಿಟ್ಟಿತು. "ನನ್ನ ಮೇಲೆ ಅನುಮಾನವಾ ಮೇಡಂ?"

"ಸತ್ತ ಬೀಜ ಅಂತ ಗೊತ್ತಿದ್ದವನು ಅವಸರದಿಂದ ರೈತರಿಗೆ ಕಳಿಸ್ತಾನಾ? ನೀನಲ್ಲ. ವೀಕ್ಷಾ ಸುಳ್ಳು ತಳಿ ಮಾಡಿ ಪಡೆಯೋದು ಏನೂ ಇಲ್ಲ. ಇನ್ನೊಬ್ಬರು ಮಾತ್ರ, ಬೀಜ ಕಳಿಸಿದ್ದಾರೆ ಅಂತ ಕೇಳಿದ ಕೂಡಲೇ ರೇಗಿದರು. ಆಗಿನ್ನೂ ಹೊಲದಿಂದ ಯಾವ ದೂರೂ ಬಂದಿರಲಿಲ್ಲ. ಒಣಕಡಲೆ ಒಂದು ದಿವಸದ ಬಿಸಿಗೆ ಸಾಯಲ್ಲ ಅಂತ ಇಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರೂ ಅವರೇ. ಆದರೂ ಈ ಹುಡುಗಿಯ ತಲೆಗೆ ಕಟ್ಟಿದರು. ಅಲ್ಲವೇ ಕೃಷ್ಣಪ್ರಸಾದರೇ?"

ಕೃಷ್ಣಪ್ರಸಾದರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಕ್ಕರೆ ಕಮ್ಮಿಯಾದ ಗಿಡ ಬಂದಿತ್ತು," ಎಂದರು ನಿಧಾನವಾಗಿ. "ನಿಜವಾಗಲೂ ಬಂದಿತ್ತು. ಆದರೆ ಅದರ ಬೀಜ ಒಣಗಿದರೆ ಸೊರಗಿಹೋಗೋದು. ಪ್ರತಿ ಸಲವೂ. ಅಷ್ಟರಲ್ಲಿ ನಾನು ಸಭೆಯಲ್ಲಿ ಘೋಷಿಸಿಬಿಟ್ಟಿದ್ದೆ. ಲ್ಯಾಬಿನವರು ಚೀಲದಿಂದ ತಾವೇ ಕಾಳು ತೆಗೆದುಕೊಳ್ತೀವಿ ಅಂದರು. ಹಾಗಾಗಿ ಇಡೀ ಚೀಲ ಮಾಮೂಲಿ ಕಡಲೆಯನ್ನೇ ಮನೆಯಲ್ಲಿ ನೆನೆಸಿ ಒಣಗಿಸಿದೆ. ರೈತರಿಗೆ ಬೇರೆ ಒಳ್ಳೆ ಕಡಲೆ ಕೊಡಬೇಕು ಅಂತಿದ್ದೆ. ಇವನು ಕಳಿಸಿಬಿಟ್ಟ."

ಗಿರಿಧರನಿಗೆ ಕೋಪವೂ ಬರಲಿಲ್ಲ, ಮರುಕವೂ ಬರಲಿಲ್ಲ. ಗಾಜಿನಾಚೆ ನಡೆಯುತ್ತಿರುವುದನ್ನು ನೋಡಿದಂತಿತ್ತು.

"ನಿನ್ನ ಕೆಲಸ ನಿನಗೇ ವಾಪಸು ಕೊಡಿಸ್ತೀನಮ್ಮ," ಎಂದರು ಕೃಷ್ಣಪ್ರಸಾದರು. "ನಾನೇ ರಾಜೀನಾಮೆ ಕೊಡ್ತೀನಿ."

"ಅದಿರಲಿ ಸಾರ್," ಎಂದಳು ವೀಕ್ಷಾ. "ಯಾಕೆ ಮೊಳೆಯಲಿಲ್ಲ ಅಂತ ರೈತರಿಗೆ ಇನ್ನೂ ಯಾರೂ ಹೇಳಿಲ್ಲ. ಮೊದಲು ಅವರಿಗೆ ಫೋನ್ ಮಾಡಿ ಹೇಳಿ. ಈಗಲೇ, ಇಲ್ಲೇ."

ಅವಳೇ ತನ್ನ ಮೊಬೈಲಿನಿಂದ ಒಬ್ಬ ರೈತನಿಗೆ ಕರೆ ಮಾಡಿ, ಸ್ಪೀಕರ್ ಹಾಕಿ ಅವರ ಮುಂದೆ ಹಿಡಿದಳು. ಕೃಷ್ಣಪ್ರಸಾದರು ತಮಿಳಿನಲ್ಲಿ ತಡವರಿಸುತ್ತ ಎಲ್ಲ ಹೇಳಿದರು. ಬೀಜ ಸತ್ತದ್ದೆಂದರು, ತಾವೇ ಕೊಂದದ್ದೆಂದರು. ಆ ಕಡೆಯವನು ಬೈಯುತ್ತಾನೆಂದು ಎಲ್ಲರೂ ಕಾದರು.

ಅವನು, "ಹಾಗಾದರೆ ನಮ್ಮ ಮಣ್ಣು ಕೆಟ್ಟಿಲ್ಲ ಅಲ್ವಾ ಸಾರ್?" ಎಂದು ತಮಿಳಿನಲ್ಲೇ ಕೇಳಿದ. "ಹೊಲ ಸತ್ತುಹೋಯಿತು ಅಂತ ನನ್ನ ಹೆಂಡತಿ ಅತ್ತೂ ಅತ್ತೂ ಸಾಕಾಗಿದ್ದಾಳೆ."

"ಇಲ್ಲಪ್ಪಾ. ನಿಮ್ಮ ಮಣ್ಣಿನ ತಪ್ಪು ಏನೂ ಇಲ್ಲ."

"ಅವಳಿಗೂ ಒಂದು ಸಲ ಹೇಳಿ ಸಾರ್," ಎಂದು ಅವನು ಫೋನನ್ನು ಹೆಂಡತಿಯ ಕೈಗೆ ಕೊಟ್ಟ.

ಕೃಷ್ಣಪ್ರಸಾದರು ಮತ್ತೆ ಮೊದಲಿನಿಂದ ಹೇಳಿದರು. ವೀಕ್ಷಾ ಮುಂದಿನ ರೈತನಿಗೆ ಕರೆ ಮಾಡಿದಳು.

"ಹೊರಡೋಣವೇ ಗಿರಿ? ನಮ್ಮ ಕೆಲಸ ಮುಗೀತು," ಎಂದಳು ನಾಗಮಣಿ.

"ಇರಕ್ಕಾ," ಎಂದು ಗಿರಿಧರ ಕುರ್ಚಿಯೊಂದನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡು ಕೂತ. ಪ್ರತಿಯೊಬ್ಬರೂ ಏನೆನ್ನುತ್ತಾರೋ ಕೇಳಬೇಕಿತ್ತು ಅವನಿಗೆ. ಎಷ್ಟೋ ಕಾಲದ ಮೇಲೆ ಅವನಿಗೆ ಏನೋ ಒಂದು ಬೇಕೆನಿಸಿತ್ತು.