ಗೊರಕೆ ನಿಂತಾಗ

“ಗೊರ್ರ್ರ್... ಗೊರ್ರ್ರ್...”

ಊಟದ ಬಿಡುವಿನಲ್ಲಿ ಬೆಂಚಿನ ಮೇಲೆ ಅಡ್ಡಾಗಿ ರೇಡಿಯೋ ತನ್ನ ಅಮ್ಮನ ಗೊರಕೆ ತೆಗೆಯುತ್ತಿದ್ದಳು. ಯಾರ ದನಿಯನ್ನಾದರೂ ಥೇಟ್ ಹಾಗೇ ತೆಗೆಯುವ ಈ ಹುಡುಗಿಗೆ ಕ್ಲಾಸಿನವರು ಇಟ್ಟ ಹೆಸರದು. ಗೊರಕೆ ತಟ್ಟನೆ ನಿಂತಿತು. ಎಲ್ಲರೂ ಕಾದರು. “ಹ್ಹಾಕ್!” ಎಂದು ಅವಳು ಉಸಿರೆಳೆದದ್ದೇ ತಡ, ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು.

ಬಾಗಿಲಲ್ಲಿದ್ದವಳು ಮಾತ್ರ ನಗಲಿಲ್ಲ. ಮಗಳು ಮರೆತುಬಂದ ಟಿಫನ್ ಬಾಕ್ಸ್ ಹಿಡಿದು ಏಳು ತಿಂಗಳ ಬಸುರಿ ಅಮ್ಮ ನಿಂತಿದ್ದಳು.

“ನನ್ ಗೊರಕೆನ ಊರಿಗೆಲ್ಲ ಡಂಗುರ ಸಾರ್ತೀಯಾ?” ಸಂಜೆ ಅಮ್ಮನ ಕಣ್ಣು ತುಂಬಿತ್ತು. “ಇನ್ನು ಯಾರ ಮುಂದೂ ಬಾಯಿ ಬಿಡಲ್ಲ ಅಂತ ಆಣೆ ಇಡು.”

ರೇಡಿಯೋ ಆಣೆ ಇಟ್ಟಳು. ನಾಚಿಕೆಗೆ ತಲೆ ಎತ್ತಲಾಗಲಿಲ್ಲ.

ಮರುದಿನ ಅಮ್ಮನ ತಿಂಗಳ ತಪಾಸಣೆಗೆಂದು ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಬಿಪಿ ನೋಡಿ ಹುಬ್ಬು ಗಂಟಿಕ್ಕಿದರು.

“ನಿದ್ದೆ ಚೆನ್ನಾಗಿ ಬರುತ್ತಾ?”

“ಹೂಂ. ಬೆಳಿಗ್ಗೆ ಸ್ವಲ್ಪ ತಲೆನೋವು, ಅಷ್ಟೇ.”

“ಗೊರಕೆ?”

“ಛೇ, ಇಲ್ಲ ಡಾಕ್ಟ್ರೇ!”

ರೇಡಿಯೋ ಕೂತಲ್ಲಿ ಕೂರಲಾರದೆ ಚಡಪಡಿಸಿದಳು. ಹೇಳಿದರೆ ಆಣೆ ಮುರಿಯುತ್ತದೆ. ಹೇಳದಿದ್ದರೆ? ಅತ್ತ ದರಿ, ಇತ್ತ ಪುಲಿ.

“ಸುಳ್ಳು! ಅಮ್ಮ ಗೊರಕೆ ಹೊಡೀತಾಳೆ. ನಡುವೆ ಉಸಿರೇ ನಿಂತುಹೋಗುತ್ತೆ!”

“ಎಷ್ಟು ಹೊತ್ತು? ಮಾಡಿ ತೋರಿಸ್ತೀಯಾ?” ಡಾಕ್ಟರಮ್ಮ ವಾಚ್ ನೋಡಿಕೊಂಡರು.

ಅಮ್ಮ ತಲೆ ತಗ್ಗಿಸಿದಳು. ರೇಡಿಯೋ ಗೊರಕೆ ತೆಗೆದು, ನಿಲ್ಲಿಸಿದಳು. ಕ್ಲಾಸಿನಲ್ಲಿ ಈ ಜಾಗಕ್ಕೆ ಬಂದಾಗ ಅವಳು ಮೂಗಿನಲ್ಲಿ ಕದ್ದು ಉಸಿರಾಡುತ್ತಿದ್ದಳು. ಇವತ್ತು ಕದಿಯಲಿಲ್ಲ. ಕಿವಿ ಗುಂಯ್ ಎಂದಿತು. ಎದೆ ಉರಿಯಿತು. ಅಮ್ಮನಿಗೆ ಇಷ್ಟರಲ್ಲಿ ಉಸಿರು ಬಂದಿರುವುದಿಲ್ಲ. ಇನ್ನೂ ಇಲ್ಲ. ಇನ್ನೂ...

“ಹ್ಹಾಕ್!”

ಯಾರೂ ನಗಲಿಲ್ಲ.

“ಹದಿನೆಂಟು ಸೆಕೆಂಡ್,” ಎಂದರು ಡಾಕ್ಟರಮ್ಮ. “ನೋಡಮ್ಮಾ, ಇದನ್ನ ಹಾಗೇ ಬಿಟ್ರೆ ನಿನಗೂ ಕಷ್ಟ, ಮಗು ದಿನ ತುಂಬೋ ಮೊದ್ಲೇ ಹುಟ್ಟಬಹುದು. ನಿದ್ದೆ ಟೆಸ್ಟ್ ಮಾಡ್ಸೋಣ. ಉಸಿರಿಗೆ ಸಹಾಯ ಮಾಡೋ ಮೆಷಿನ್ ಇದೆ, ಹೆದರಬೇಡ. ನಿನ್ ಮಗಳು ಹೇಳಿದ್ದು ಒಳ್ಳೇದಾಯ್ತು.”

ಹೊರಗೆ ಬಂದ ಮೇಲೆ ಅಮ್ಮ ಕೇಳಿದಳು, “ಕ್ಲಾಸಲ್ಲೂ ಅಷ್ಟು ಹೊತ್ತು ಉಸಿರು ಕಟ್ಟಿದ್ಯೇನೇ?”

“ಇಲ್ಲಮ್ಮ. ಅಲ್ಲಿ ಮೋಸ ಮಾಡ್ತಿದ್ದೆ.”

ಅಮ್ಮ ಅವಳ ತಲೆ ಸವರಿದಳು. ಆಣೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಬಸ್ಸಿನಲ್ಲಿ ಅಮ್ಮ ಮಗಳ ಹೆಗಲಿಗೊರಗಿ ನಿದ್ದೆಹೋದಳು. ಗೊರಕೆ ಶುರುವಾಯಿತು. ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿ ಕಿಸಕ್ಕೆಂದರು. ರೇಡಿಯೋ ಅವರತ್ತ ನೋಡಲೇ ಇಲ್ಲ. ಅವಳ ಕಿವಿಯೆಲ್ಲ ಗೊರಕೆಯ ಮೇಲಿತ್ತು. ಅದು ನಿಂತೊಡನೆ ಅಮ್ಮನ ಭುಜ ಮೆಲ್ಲಗೆ ತಟ್ಟಿದಳು.

ಅಮ್ಮ ಉಸಿರೆಳೆದುಕೊಂಡಳು. ಆಮೇಲೆ ರೇಡಿಯೋ ಕೂಡ.