ದೊಡ್ಡಮ್ಮನ ಕೊರಳಿನ ಬಟನ್

ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳುವ ಮುಖ ನನಗಿಲ್ಲ.

ವಯಸ್ಸಾದವರು ಕೊರಳಿಗೆ ಹಾಕಿಕೊಳ್ಳುವ ಬಟನ್‌ಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಬಿದ್ದವರು ಒತ್ತಿದರೆ ಮನೆಯವರ ಫೋನ್ ಹೊಡೆದುಕೊಳ್ಳಬೇಕು. ಅದರೊಳಗಿನ ಚಿಪ್‌ಗೆ ಮೂರು ಸ್ಥಿತಿ: ಎಚ್ಚರ, ಜೊಂಪು, ಗಾಢನಿದ್ರೆ. ಜೊಂಪಿನಲ್ಲಿದ್ದರೆ ಬಟನ್ ಒತ್ತಿದ ತಕ್ಷಣ ಏಳುತ್ತದೆ. ಗಾಢನಿದ್ರೆಯಲ್ಲೂ ಬಟನ್‌ಗೆ ಏಳಬೇಕಾದರೆ ಒಂದು ಸಾಲು ಬೇರೆಯಾಗಿ ಬರೆಯಬೇಕು. ಬ್ಯಾಟರಿ ಎರಡು ವರ್ಷ ಬರುತ್ತದೆಂದು ಜಂಬ ಕೊಚ್ಚಿಕೊಳ್ಳುವ ಆತುರದಲ್ಲಿ ನಾನು ಗಾಢನಿದ್ರೆ ಹಾಕಿದೆ, ಆ ಸಾಲು ಮರೆತೆ. ಮೊದಲ ಬಟನ್ ದೊಡ್ಡಮ್ಮನಿಗೇ ಕೊಟ್ಟೆ.

ಬಚ್ಚಲಲ್ಲಿ ಬಿದ್ದಿದ್ದ ಅವಳು ಸಿಕ್ಕಾಗ ಮೈ ತಣ್ಣಗಾಗಿತ್ತು. ಹೆಬ್ಬೆರಳು ಬಟನ್ ಮೇಲೇ ಇತ್ತು.

"ಬ್ಯಾಟರಿ ಮುಗಿದುಹೋಗಿತ್ತು ಅಕ್ಕ," ಎಂದೆ ಅವಳ ಮಗಳಿಗೆ.

"ನಿಂದೇನು ತಪ್ಪು ಬಿಡೋ. ಅಮ್ಮನಿಗೆ ನೀನಂದ್ರೆ ಪ್ರಾಣ," ಎಂದು ಅಕ್ಕ ನನ್ನನ್ನೇ ಸಮಾಧಾನ ಮಾಡಿ ಬಟನ್ ಕೈಗಿಟ್ಟಳು.

ಮರುವಾರ ಮಧ್ಯಾಹ್ನ ಕಚೇರಿಯಲ್ಲಿ ಅದನ್ನು ಬಿಚ್ಚಿ ಬ್ಯಾಟರಿ ಹೊರತೆಗೆದು ಅಳೆದೆ. ತುಂಬಿತ್ತು. ಯಾರೂ ನೋಡದಿರಲೆಂದು ಬ್ಯಾಟರಿಯನ್ನು ಜೇಬಿಗೆ ಹಾಕಿಕೊಂಡೆ. ಖಾಲಿ ಬಟನ್ ಕೈಗೆ ತಣ್ಣಗೆ ತಾಗಿತು. ಎಷ್ಟು ಒರೆಸಿದರೂ ಸೋಪಿನ ಲೋಳೆ ಹೋಗಲಿಲ್ಲ. ಮೇಜಿನ ಮೇಲಿಟ್ಟೆ. ಯಾರೋ ಒತ್ತಿ ಹಿಡಿದ ಹಾಗೆ ಅದು ಮೆಲ್ಲಗೆ ಒಳಗಿಳಿಯಿತು, ಮೇಲೇಳಲೇ ಇಲ್ಲ.

ಫೋನ್ ಹೊಡೆದುಕೊಂಡಿತು. ಅಕ್ಕ.

"ಅಮ್ಮನ ಬಟನ್ನಿಂದ ಕರೆ ಬರ್ತಿದೆ ಕಣೋ, ನಿಲ್ತಾನೇ ಇಲ್ಲ. ಹೊಸ ಬ್ಯಾಟರಿ ಹಾಕಿದ್ಯಾ?"

"ಹೂಂ ಅಕ್ಕ, ಈಗಷ್ಟೇ ಹಾಕಿದೆ," ಎಂದೆ.

ಬ್ಯಾಟರಿ ಇನ್ನೂ ನನ್ನ ಜೇಬಿನಲ್ಲೇ ಇತ್ತು.